ಸೂಪರ್‌ಚಾರ್ಜರಿಗೆ ಚೆಂಡುಹೂವು

ದಸರಾ ರಜೆ ಮುಗಿದು ಸ್ಕೂಲು ಶುರುವಾಗುವ ಸೋಮವಾರ ನನ್ನ ಹೆಂಡತಿ ಮಾಲಿನಿಯನ್ನು ನನ್ನದೇ ಕಾರಿನಲ್ಲಿ, ತುಮಕೂರಿನಿಂದ ಅಮೃತೂರಿನವರೆಗೆ, ಒಂದೇ ಒಂದು ಸಲವೂ ಬಾನೆಟ್ ಎತ್ತದೆ ತಲುಪಿಸಿಯೇ ತೀರುತ್ತೇನೆ ಎಂದು ನಾನು ಘೋರ ಶಪಥ ಮಾಡಿದೆ. ಇಂಥ ಶಪಥಕ್ಕೆ ಹಿಂದಿನ ಕಾಲದಲ್ಲಾದರೆ ದೇವತೆಗಳು ಮೇಲಿನಿಂದ ಹೂಮಳೆ ಸುರಿಸುತ್ತಿದ್ದರು. ಮಾಲಿನಿ ಇಡ್ಲಿಗೆ ಇನ್ನೊಂದು ಚಮಚ ಚಟ್ನಿ ಹಾಕಿಕೊಂಡಳು.

"ತಲುಪಿಸಿಬಿಟ್ರೆ ಏನ್ ಕೊಡ್ತೀಯ?" ಎಂದು ನಾನೇ ಕೇಳಬೇಕಾಯಿತು.

"ಪ್ರೇಯರ್ ಬೆಲ್ ಹೊಡೆಯೋದರೊಳಗೆ ಗೇಟ್ ಮುಂದೆ ಇಳಿಸಿ. ಅವತ್ತೇ ಕುಣಿಗಲ್ ರೂಮ್ ಖಾಲಿ ಮಾಡಿ ಮನೆಗೆ ಬಂದ್‌ಬಿಡ್ತೀನಿ. ದಿನಾ ನಿಮ್ ಕಾರಲ್ಲೇ ಓಡಾಡ್ತೀನಿ."

"ಆಮೇಲೆ ಮಾತ್ ತಪ್ಪಬಾರ್ದು."

"ನಾನ್ ಮ್ಯಾಥ್ಸ್ ಟೀಚರ್ರು ಕಣ್ರೀ. ಸೋಲೋ ಕಡೆ ಬೆಟ್ ಕಟ್ಟಲ್ಲ."

ಈ ಮಾತು ನನ್ನ ಎದೆಗೆ ನಾಟಿತು. ಆದರೆ ಬೆಟ್ಟಿನ ಬೆಲೆ ಏನೆಂದು ನಿಮಗೆ ಗೊತ್ತಾಗಬೇಕು. ಎರಡು ವರ್ಷದ ಹಿಂದೆ ಮಾಲಿನಿಗೆ ಅಮೃತೂರಿನ ಹೈಸ್ಕೂಲಿಗೆ ಟ್ರಾನ್ಸ್‌ಫರ್ ಆಯಿತು. ಒಂದು ತಿಂಗಳು ಎರಡೆರಡು ಬಸ್ಸು ಬದಲಿಸಿ ಓಡಾಡಿದಳು. ಸೊಂಟ ಹಿಡಿದುಕೊಂಡ ಮೇಲೆ ಕುಣಿಗಲ್‌ನಲ್ಲಿ ಒಂದು ರೂಮು ಮಾಡಿದಳು. ಶನಿವಾರ ಸಂಜೆ ಮನೆಗೆ ಬರುತ್ತಾಳೆ, ಸೋಮವಾರ ಬೆಳಗ್ಗೆ ಹೋಗುತ್ತಾಳೆ. ಮಗಳು ಅಕ್ಷತಾ ಮದುವೆಯಾಗಿ ಹಾಸನದಲ್ಲಿದ್ದಾಳೆ. ಹಾಗಾಗಿ ವಾರದ ದಿನ ನಮ್ಮ ಮನೆಯಲ್ಲಿ ಸದ್ದು ಮಾಡುವವರು ಮೂರೇ ಜನ: ಟಿವಿ, ಫ್ರಿಜ್ಜು, ನಾನು. ಮೂವರಲ್ಲಿ ಯಾರ ಮಾತನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಒಬ್ಬನಿಗೆ ಅನ್ನ ಮಾಡಿ ನೋಡಿದ್ದೀರಾ? ಕುಕ್ಕರಿನ ತಳದಲ್ಲಿ ಒಂದು ಹಿಡಿ ಅಕ್ಕಿ ಹಾಕಿ, ಮೂರು ವಿಷಲ್ ಕಾಯುವುದಿದೆಯಲ್ಲ, ಅದರಷ್ಟು ಉದ್ದದ ಹೊತ್ತು ಮತ್ತೊಂದಿಲ್ಲ. ಮೊದಮೊದಲು ಸಾರೂ ಮಾಡುತ್ತಿದ್ದೆ. ಆಮೇಲೆ ಮೊಸರಿಗೆ ಇಳಿದೆ. ಬೇಜಾರು ಎಂದರೆ ಬೇಜಾರು, ಅದಕ್ಕೆ ದೊಡ್ಡ ಪದ ಏನೂ ಬೇಡ. ತುಮಕೂರಿನ ಸತ್ಯಮಂಗಲದಲ್ಲಿ ಪಂಪ್‌ಸೆಟ್ಟಿನ ರಬ್ಬರ್ ವಾಷರ್ ಮಾಡುವ ನನ್ನದೊಂದು ಸಣ್ಣ ಯೂನಿಟ್ಟಿದೆ. ನಾನು ಹೋದರೂ ಹೋಗದಿದ್ದರೂ ವಾಷರುಗಳು ಗುಂಡಗೇ ಬರುತ್ತವೆ. ಹೀಗೆ ಮನೆಯಲ್ಲೂ ಯೂನಿಟ್ಟಿನಲ್ಲೂ ಯಾರಿಗೂ ಬೇಡವಾದ ಮನುಷ್ಯನಿಗೆ ಉಳಿದ ಸಂಗಾತಿ ಆ ಹಳೆಯ ಕಾರು.

ಕಾರಿನ ಕಂಪನಿ ಹೆಸರು ಹೇಳುವುದಿಲ್ಲ, ಪಾಪ ಅವರದೇನೂ ತಪ್ಪಿಲ್ಲ. ಇಪ್ಪತ್ತೆರಡು ವರ್ಷದ ಹಳೆಯ ಕೆಂಪು ಗಾಡಿ. ಒಂದು ಕಾಲದಲ್ಲಿ ರೋಡಿನ ಮೇಲೆ ಹುಲಿ. ಒಂಬತ್ತು ವರ್ಷದ ಹಿಂದೆ ಗುಬ್ಬಿಯ ಕೊಬ್ಬರಿ ವ್ಯಾಪಾರಿ ವೆಂಕಟರಂಗಯ್ಯನವರಿಂದ ಕೊಂಡೆ. ಅವರಿಗೆ ರೇಸಿನ ಹುಚ್ಚು. ಹುಲಿಯ ವೇಗ ಸಾಲದೆಂದು ಅದಕ್ಕೆ ಹೊರಗಿನಿಂದ ಒಂದು ಸೂಪರ್‌ಚಾರ್ಜರ್ ತರಿಸಿ ಹಾಕಿಸಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕುಲುಮೆಯ ಬೆಂಕಿಗೆ ತಿದಿ ಹೇಗೋ, ಎಂಜಿನ್ನಿಗೆ ಇದು ಹಾಗೆ. ಬಸವನಹುಳುವಿನ ಚಿಪ್ಪಿನಂತೆ ಇರುತ್ತದೆ. ಒಂದು ಬೆಲ್ಟು ಅದರೊಳಗಿನ ಫ್ಯಾನನ್ನು ಗಿರಗಿರ ತಿರುಗಿಸುತ್ತದೆ. ಅದು ಬಾಯಿಂದ ಗಾಳಿ ಎಳೆದು ಎಂಜಿನ್ನಿಗೆ ಒತ್ತಿ ಊದುತ್ತದೆ. ಎಂಜಿನ್ನಿಗೆ ಹುರುಪು ಬರುತ್ತದೆ. ಮಾರುವ ದಿನ ವೆಂಕಟರಂಗಯ್ಯನವರು ಕೀ ಕೊಡುತ್ತಾ ತುಂಬಾ ನಕ್ಕರು. ಸಂಭಾವಿತರು ಎಂದುಕೊಂಡೆ.

ಆಮೇಲೆ ಶುರುವಾಯಿತು ಸೇವೆ. ಅದಕ್ಕೆ ಬೇರೆಯದೇ ಎಣ್ಣೆ, ಬೇರೆಯದೇ ಬೆಲ್ಟು. ಬೆಲ್ಟು ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಬೇರಿಂಗು ಅಳುತ್ತದೆ. ಸೀಲು ಹಳೆಯದಾಗಿ ಎಣ್ಣೆ ಜಿನುಗುತ್ತದೆ. ಬಿಸಿಯಲ್ಲಿ ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟಾಗುವುದು ಅದರ ಇಚ್ಛೆಗೆ ಬಿಟ್ಟದ್ದು. ಇಷ್ಟೆಲ್ಲದರ ಮೇಲೆ ಒಂದು ಕೀರಲು ದನಿ. ಓಡುವಾಗ 'ಕುಂಯ್ಯ್' ಎಂದು ಮುಕ್ಕಾಲು ಕಿಲೋಮೀಟರ್ ದೂರಕ್ಕೆ ಕೇಳಿಸುತ್ತದೆ. ಆ ದನಿಯ ಏರಿಳಿತದಲ್ಲೇ ಅದರ ಆರೋಗ್ಯ ಹೇಳುವಷ್ಟು ಪಂಡಿತನಾದೆ ನಾನು. ದಿನಾ ಸಂಜೆ ಯೂನಿಟ್ಟಿನಿಂದ ಬಂದು ಬಾನೆಟ್ ಎತ್ತಿ, ಬಗ್ಗಿ, ಕಿವಿಗೊಟ್ಟು ಕೇಳುತ್ತಿದ್ದೆ. "ಇವತ್ತು ಗಂಟಲು ಸರಿ ಇಲ್ವಲ್ಲಪ್ಪಾ" ಎಂದು ಮಾತಾಡಿಸುತ್ತಿದ್ದೆ. ಮನೆಯಲ್ಲಿ ತಿರುಗಿ ಉತ್ತರ ಕೊಡುವ ಜೀವ ಅದೊಂದೇ ಇತ್ತು.

ಮಾಲಿನಿ ಮಾತ್ರ ಎರಡು ಸಲ ದಾರಿಯಲ್ಲಿ ನಿಂತ ಮೇಲೆ ಆ ಕಾರು ಹತ್ತುವುದನ್ನೇ ಬಿಟ್ಟಿದ್ದಳು. "ಬಸ್ಸು ನಿಂತ್ರೆ ಇನ್ನೊಂದ್ ಬಸ್ಸಿಗೆ ಹತ್ತಿಸ್ತಾರೆ. ನೀವು ನಿಂತ್ರೆ ನನ್ ಕೈಗೆ ಟಾರ್ಚ್ ಕೊಡ್ತೀರಿ" ಎನ್ನುವುದು ಅವಳ ವಾದ. ಈಗ ದಸರಾ ರಜೆಗೆ ಮನೆಗೆ ಬಂದಿದ್ದಳು. ಮನೆಯಲ್ಲಿ ಒಗ್ಗರಣೆಯ ಚಟಪಟ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳು ಮತ್ತೆ ಹೋಗುತ್ತಾಳೆ ಎನ್ನುವುದನ್ನು ನೆನೆದು ರಜೆಯ ಎರಡನೇ ದಿನದಿಂದಲೇ ಅಳು ಬರುವ ಹಾಗಾಗುತ್ತಿತ್ತು. ಶಪಥ ಮಾಡಿದ್ದು ಅದಕ್ಕೇ.

ಆಯುಧಪೂಜೆಯ ಬೆಳಗ್ಗೆ ಯಂತ್ರಕ್ಕೆ ಸಕಲ ಶುಶ್ರೂಷೆ ಶುರು ಮಾಡಿದೆ. ಸೂಪರ್‌ಚಾರ್ಜರಿನ ಹಳೆಯ ಎಣ್ಣೆ ಇಳಿಸಿದೆ. ಅದರ ಬಾಯಿಗೆ ಹಾಕಿದ್ದ ಏರ್ ಫಿಲ್ಟರನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಟೆರೇಸಿನಲ್ಲಿ ಒಣಗಲು ಇಟ್ಟೆ. ಸ್ನಾನ ಮಾಡಿಕೊಂಡು ಬಂದು ಹೊಸ ಎಣ್ಣೆ ಹಾಕಿ ಫಿಲ್ಟರ್ ಕೂರಿಸಿಬಿಡೋಣ ಎಂದು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ನನ್ನ ಸ್ಪ್ಯಾನರ್ ಸೆಟ್ಟು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ಎಲ್ಲ ಈಳಿಗೆಮಣೆ, ಮಿಕ್ಸಿ ಜೊತೆ ದೇವರ ಮುಂದೆ ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಹೂವು.

"ಒಂದೇ ಒಂದು ಸ್ಕ್ರೂಡ್ರೈವರ್ ಕೊಡೇ, ಫಿಲ್ಟರ್ ಕ್ಲಿಪ್ ಬಿಗಿ ಮಾಡ್ಬೇಕು."

"ಪೂಜೆಗೆ ಇಟ್ಟಿದ್ದನ್ನ ಮುಟ್ಟಂಗಿಲ್ಲ. ನಾಳೆ ತಗೊಳ್ಳಿ."

"ಪಕ್ಕದ್ಮನೆ ಅರ್ಫಾತ್ ಹತ್ರ ಇಸ್ಕೊಂಡ್ ಬರ್ಲಾ?"

"ಹಬ್ಬದ್ ದಿನ ನೀವು ಆಯುಧ ಮುಟ್ಟಂಗಿಲ್ಲ ಅಂದ್ರೆ ಯಾರ್ ಆಯುಧಾನೂ ಮುಟ್ಟಂಗಿಲ್ಲ. ಕೂತ್ಕೊಳ್ಳಿ ಸುಮ್ನೆ."

ನಾನು ದೈವಭಕ್ತ, ಅದಕ್ಕಿಂತ ಹೆಚ್ಚು ಪತ್ನಿಭಕ್ತ. ಸುಮ್ಮನಾದೆ. ಆದರೆ ಫಿಲ್ಟರಿಲ್ಲದ ಸೂಪರ್‌ಚಾರ್ಜರು ಹೆಡ್‌ಲೈಟಿನ ಹಿಂದೆ ಕೆಳಮುಖವಾಗಿ ಬಾಯಿ ಬಿಟ್ಟುಕೊಂಡು ಕೂತಿತ್ತು. ನಮ್ಮ ಶೆಡ್ಡಿನಲ್ಲಿ ಇಲಿ ಕಾಟ. ಹೊಕ್ಕರೆ ಗತಿಯೇನು? ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಪೂಜೆಗೆ ತಂದ ಚೆಂಡುಹೂವಿನ ಹಾರ ಮೂರು ಮೊಳ ಉಳಿದಿತ್ತು. ಅದನ್ನು ಸುರುಳಿ ಸುತ್ತಿ, ಸೂಪರ್‌ಚಾರ್ಜರಿನ ಬಾಯಿಗೆ ಗಿಡಿದು ತುಂಬಿದೆ. ಪೂಜೆಯೂ ಆಯಿತು, ಬಿರಡೆಯೂ ಆಯಿತು. ಅದರ ಮೈಮೇಲೆ ಅಚ್ಚುಕಟ್ಟಾಗಿ ವಿಭೂತಿ ಎಳೆದು ಕೈ ಮುಗಿದು ಬಾನೆಟ್ ಹಾಕಿದೆ. ಎಣ್ಣೆ ಇಲ್ಲದ್ದರಿಂದ ಸ್ಟಾರ್ಟ್ ಮಾಡುವಂತಿರಲಿಲ್ಲ. ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಕಾರನ್ನು ತಳ್ಳಿಯೇ ಹತ್ತಿಸಬೇಕಾಯಿತು. ಅರ್ಫಾತ್ ಬಂದು ಕೈಜೋಡಿಸಿದ.

"ಸಾರ್, ಇದು ಓಡ್ಸೋ ಕಾರಾ, ತಳ್ಳೋ ಕಾರಾ?" ಎಂದು ಏದುಸಿರು ಬಿಡುತ್ತಾ ಕೇಳಿದ.

"ಸೋಮವಾರ ನೋಡಪ್ಪ" ಎಂದೆ ಗಂಭೀರವಾಗಿ.

ಮಾರನೆಯ ದಿನ ಸ್ಪ್ಯಾನರಿಗೆ ಬಿಡುಗಡೆಯಾಯಿತು. ಹೊಸ ಎಣ್ಣೆ ಹಾಕಿದೆ. ತಲೆಯಲ್ಲಿ ಎಣ್ಣೆಯೊಂದೇ ಇದ್ದದ್ದರಿಂದ ಫಿಲ್ಟರು ನೆನಪಾಗಲಿಲ್ಲ. ಒಮ್ಮೆ ಸ್ಟಾರ್ಟ್ ಮಾಡಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತೇನೋ. ಆದರೆ ಕೀ ಹಾಕುವುದರೊಳಗೆ ಮಾಲಿನಿ ಕಿಟಕಿಯಿಂದ ಕೈಯಾಡಿಸಿದಳು.

"ಅರ್ಫಾತ್ ಮನೇಲಿ ಮಗು ಈಗಷ್ಟೇ ಮಲಗಿದೆ ರೀ. ಹುಟ್ಟಿದಾಗಿನಿಂದ ಅದು ನಿಮ್ ಕಾರಿನ ಸದ್ದಿಗೆ ನೆಟ್ಟಗೆ ನಿದ್ದೆ ಮಾಡಿಲ್ಲ. ಸೋಮವಾರ ಒಂದೇ ಸಲ ಸ್ಟಾರ್ಟ್ ಮಾಡಿ."

ಸೋಮವಾರ ಬೆಳಗ್ಗೆ ಏಳು ಗಂಟೆಗೆ ನಮ್ಮ ದಿಗ್ವಿಜಯ ಹೊರಟಿತು. ಮಾಲಿನಿ ರಾಗಿ ಹಿಟ್ಟು, ಚಟ್ನಿಪುಡಿ, ವಾರಕ್ಕಾಗುವಷ್ಟು ಸೀರೆ ತುಂಬಿದ ದೊಡ್ಡ ಬ್ಯಾಗನ್ನು ಹಿಂದಿನ ಸೀಟಿನಲ್ಲಿಟ್ಟಳು.

"ರೂಮ್ ಖಾಲಿ ಮಾಡೋಳಿಗೆ ಇದೆಲ್ಲಾ ಯಾಕೆ?" ಎಂದೆ.

"ಇರ್ಲಿ ಬಿಡಿ" ಎಂದಳು.

ಗೂಳೂರು ದಾಟುವಾಗ ಕಾರು ಯಾಕೋ ಮೂಗು ಕಟ್ಟಿದವರ ಹಾಗೆ ಎಳೆದಾಡುತ್ತಿತ್ತು. ಕೀರಲು ದನಿಯೂ ಮಂಕು. ಹೊಸ ಎಣ್ಣೆ, ಹೊಂದಿಕೊಳ್ಳುತ್ತಿದೆ ಎಂದುಕೊಂಡೆ. ಮಾಲಿನಿ ಪಕ್ಕದಲ್ಲಿ ಕೂತು ಅರ್ಧವಾರ್ಷಿಕ ಪರೀಕ್ಷೆಯ ಕತೆ, ಹೆಡ್‌ಮಾಸ್ಟರ್ ಕತೆ ಹೇಳುತ್ತಿದ್ದಳು. ಎರಡು ವರ್ಷದಿಂದ ಆ ಸೀಟು ಖಾಲಿ ಇತ್ತು. ಸಂತೋಷಕ್ಕೆ, ಎದುರಿಗೆ ಯಾರೂ ಇಲ್ಲದಿದ್ದರೂ ಒಂದು ಸಲ ಹಾರ್ನ್ ಹೊಡೆದೆ. ಅಷ್ಟರಲ್ಲಿ ನಾಗವಲ್ಲಿ ಹತ್ತಿರ ಒಂದು ಪ್ರೈವೇಟ್ ಬಸ್ಸು ಹಾರ್ನ್ ಹೊಡೆದು ನಮ್ಮನ್ನು ಓವರ್‌ಟೇಕ್ ಮಾಡಿತು. ಅದರ ಟಾಪಿನ ಮೇಲೆ ಎರಡು ಕುರಿ ನಿಂತಿದ್ದವು. ಕುರಿಗಳೂ ನನ್ನನ್ನೇ ನೋಡಿದವು.

"ಹೋಗ್ಲಿ ಬಿಡ್ರೀ, ಟೈಮಿದೆ" ಎಂದಳು ಮಾಲಿನಿ.

ಹೋಗಲಿ ಎಂದು ಬಿಟ್ಟರೆ ನಾನೂ ಒಬ್ಬ ಮನುಷ್ಯನೇ? ಹೆಬ್ಬೂರು ದಾಟಿ ರೋಡು ನೇರವಾದ ಕೂಡಲೇ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಯಂತ್ರ ಒಂದು ಕ್ಷಣ ತಡವರಿಸಿತು, ಆಮೇಲೆ 'ಗುಳುಂ' ಎಂದು ಏನನ್ನೋ ನುಂಗಿತು. ಕಾರು ಬಾಣದಂತೆ ಚಿಮ್ಮಿತು. ಬಸ್ಸನ್ನು ಹಿಂದೆ ಹಾಕಿದೆ! ಹಿಂದೆ ಹಾಕಿದ್ದು ಹತ್ತು ಸೆಕೆಂಡು. ಹನ್ನೊಂದನೆಯ ಸೆಕೆಂಡಿಗೆ ಬಾನೆಟ್ಟಿನ ಸಂದಿಯಿಂದ ಕಿತ್ತಳೆ ಬಣ್ಣದ ಪುಡಿ ಭುಸ್ ಎಂದು ಎದ್ದು ಎದುರಿನ ಗ್ಲಾಸಿಗೆ ರಾಚಿತು.

"ಹೂವು ಬರ್ತಾ ಇದೆ ರೀ" ಎಂದಳು ಮಾಲಿನಿ ಶಾಂತವಾಗಿ.

"ಎಲ್ಲಿಂದ?"

"ಎಂಜಿನ್ನಿಂದ."

ಕಟಕಟ ಎಂದು ಒಂದು ಸದ್ದು, ಕರ್ ಎಂದು ಇನ್ನೊಂದು, ಆಮೇಲೆ ಸದ್ದೇ ಇಲ್ಲ. ಕಾರು ಉಸ್ಸಪ್ಪಾ ಎಂದು ರಸ್ತೆ ಬದಿಗೆ ಬಂದು ನಿಂತಿತು. ದೇವತೆಗಳು ಸುರಿಸದ ಹೂಮಳೆಯನ್ನು ನನ್ನ ಕಾರೇ ಸುರಿಸಿತ್ತು. ನಾನು ಇಳಿದು, ಶಪಥ ಮುರಿದು, ಬಾನೆಟ್ ಎತ್ತಿದೆ. ಒಳಗೆಲ್ಲ ಚೆಂಡುಹೂವಿನ ಘಮ. ಅಷ್ಟರಲ್ಲಿ ಹಿಂದೆ ಹಾಕಿದ್ದ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಮೇಡಮ್ಮೋರೆ, ಬನ್ನಿ ಬನ್ನಿ, ನಿಮ್ ಸೀಟ್ ಹಂಗೇ ಐತೆ" ಎಂದ.

ಮಾಲಿನಿ ಬ್ಯಾಗು ತೆಗೆದುಕೊಂಡಳು. ಹತ್ತುವ ಮುಂಚೆ ತನ್ನ ಊಟದ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಚಿತ್ರಾನ್ನ ಇದೆ, ತಿನ್ನಿ. ಬೇಜಾರ್ ಮಾಡ್ಕೋಬೇಡಿ."

ಬಸ್ಸು ಹೋಯಿತು, ಕುರಿಗಳು ಕಣ್ಮರೆಯಾಗುವವರೆಗೂ ನನ್ನನ್ನೇ ನೋಡುತ್ತಿದ್ದವು. ತುಮಕೂರಿನ ಮೆಕ್ಯಾನಿಕ್ ಏಜಾಜ್ ಅಹಮದನಿಗೆ ಫೋನ್ ಮಾಡಿ, ಹುಣಸೆಮರದ ಕೆಳಗೆ ಕೂತು ಚಿತ್ರಾನ್ನ ತಿಂದೆ. ಕಡಲೆಬೀಜ ಜಾಸ್ತಿ ಹಾಕಿದ್ದಳು, ನನಗೆ ಇಷ್ಟವೆಂದು. ಡಬ್ಬಿ ಅವಳದು, ರುಚಿ ನನ್ನದು. ಒಂಬತ್ತೂವರೆಗೆ ಗಡಿಯಾರ ನೋಡಿದೆ. ಅಮೃತೂರಿನಲ್ಲಿ ಬೆಲ್ ಹೊಡೆದಿರುತ್ತದೆ, ಅವಳು ಬಸ್ಸಿನಲ್ಲೇ ಹೋಗಿ ತಲುಪಿರುತ್ತಾಳೆ, ನನ್ನ ಮನೆ ಇನ್ನು ಯಾವತ್ತಿಗೂ ಖಾಲಿ ಎಂದುಕೊಂಡೆ. ಉಳಿದ ಅನ್ನದ ಮೇಲೆ ಡಬ್ಬಿ ಮುಚ್ಚಿದೆ.

ಏಜಾಜ್ ಸ್ಕೂಟರಿನಲ್ಲಿ ಬಂದ. ನನ್ನ ಕಾರಿನ ದೆಸೆಯಿಂದ ಅವನ ಗಡ್ಡ ಬೆಳ್ಳಗಾದದ್ದು. ಬಗ್ಗಿ ನೋಡಿದ, ಕೈ ಹಾಕಿದ, ಗಂಟುಗಂಟಾದ ಮೂರು ಮೊಳ ಹೂವಿನ ದಾರವನ್ನು ನಿಧಾನವಾಗಿ ಹೊರಗೆಳೆದ.

"ಸಾರ್, ಇದಕ್ಕೆ ಹಾರ ಹಾಕಿದ್ಯಾರು?"

"ನಾನೇ."

"ಒಳಗಡೆಗಾ?"

"ಇಲಿ ಹೋಗ್ಬಾರ್ದು ಅಂತ."

"ಇಲಿ ಹೋಗಿದ್ರೆ ಇಷ್ಟ್ ಲಾಸ್ ಆಗ್ತಿರ್ಲಿಲ್ಲ ಸಾರ್." ಅವನು ಇನ್ನೊಮ್ಮೆ ಬಗ್ಗಿದ. "ಫಿಲ್ಟ್ರೆಲ್ಲಿ?"

"ಟೆರೇಸ್ ಮೇಲೆ ಒಣಗ್ತಾ ಐತೆ."

ಏಜಾಜ್ ಒಳ್ಳೆಯವನು, ನಗಲಿಲ್ಲ. ಆಕಡೆ ತಿರುಗಿ ಸ್ವಲ್ಪ ಹೊತ್ತು ಹೊಲ ನೋಡಿದ. ಆಮೇಲೆ ಸೂಪರ್‌ಚಾರ್ಜರಿನ ಫ್ಯಾನು ಮುರಿದಿದೆ, ಇನ್ನು ಅದರ ಕತೆ ಮುಗಿಯಿತು ಎಂದ. ಬೆಲ್ಟು ಬಿಚ್ಚಿದ. ಅದರಿಂದ ಎಂಜಿನ್ನಿಗೆ ಹೋಗುವ ಪೈಪು ಕಳಚಿದ. ಕಾರಿನ ಡಿಕ್ಕಿಯಲ್ಲಿದ್ದ ಒಂದು ಹಳೆಯ ಫಿಲ್ಟರನ್ನು ನೇರ ಎಂಜಿನ್ನಿನ ಬಾಯಿಗೇ ಸಿಕ್ಕಿಸಿದ. ಒಳಗೆ ಹೋಗಿದ್ದ ಹೂವನ್ನೆಲ್ಲ ಕ್ಲೀನ್ ಮಾಡಿ ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಆಫ್ ಮಾಡಿದ, ಮತ್ತೆ ತಿರುಗಿಸಿದ, ಮತ್ತೆ ಸ್ಟಾರ್ಟಾಯಿತು. ಹೀಗೆ ನಾಲ್ಕು ಸಲ.

"ಅದಿಲ್ದೆ ಹೆಂಗೋ ಓಡ್ತದೆ?" ಎಂದೆ.

"ಅದಿಲ್ದೇನೇ ಓಡ್ಬೇಕು ಅಂತಾನೇ ಕಂಪನಿಯವ್ರು ಮಾಡಿರೋದು ಸಾರ್."

ಒಂಬತ್ತು ವರ್ಷ! ಎಷ್ಟು ಬೆಲ್ಟು, ಎಷ್ಟು ಬೇರಿಂಗು, ಎಷ್ಟು ಸಂಜೆ. ಇವನಿಗೆ ಮೊದಲೇ ಹೇಳಲು ಏನಾಗಿತ್ತು ಎಂದು ಸಿಟ್ಟಿನಿಂದ ಕೇಳಿದೆ. "ಪ್ರತಿ ಸಲಾನೂ ಹೇಳ್ದೆ. ನೀವು ಬಗ್ಗಿ ಅದರ ಸೌಂಡ್ ಕೇಳ್ತಾ ಇದ್ರಿ" ಎಂದ.

ಒಬ್ಬನೇ ಕುಣಿಗಲ್ ಕಡೆ ಹೊರಟೆ. ಕೀರಲಿಲ್ಲ, ಏನಿಲ್ಲ. ಕಾರು ಮೆತ್ತಗೆ ಹರಿಯಿತು. ಆ ನಿಶ್ಶಬ್ದದಲ್ಲಿ ಮೊಟ್ಟಮೊದಲ ಸಲ ನನಗೆ ಕಾರಿನಲ್ಲಿ ನಾನು ಒಬ್ಬನೇ ಇದ್ದೇನೆ ಎಂದು ಗೊತ್ತಾಯಿತು. ಪಕ್ಕದ ಸೀಟಿನ ಬೆಲ್ಟಿನ ಬಕಲ್ಲು ಬಾಗಿಲಿಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಇಷ್ಟು ವರ್ಷ ಅದೂ ಬಡಿಯುತ್ತಲೇ ಇತ್ತೋ ಏನೋ.

ನಾಲ್ಕೂಕಾಲಿಗೇ ಸ್ಕೂಲಿನ ಗೇಟಿನ ಪಕ್ಕ ಕಾರು ನಿಲ್ಲಿಸಿ ಒಳಗೇ ಕೂತೆ. ಬೆಳಗ್ಗೆ ಸೋತೆ, ಸಂಜೆಯಾದರೂ ಮನೆಗೆ ಕರೆದುಕೊಂಡು ಹೋಗಿ ಅರ್ಧ ಮಾರ್ಕಾದರೂ ಗಿಟ್ಟಿಸೋಣ ಎಂದು. ಸ್ಕೂಲು ಬಿಟ್ಟಿತು. ಮಾಲಿನಿ ಇನ್ನಿಬ್ಬರು ಟೀಚರ್‌ಗಳ ಜೊತೆ ಬಂದಳು. ನನ್ನ ಮುಂದೆಯೇ, ಒಂದು ಮಾರು ದೂರದಲ್ಲೇ ಹಾದುಹೋಗಿ, ನಿಂತಿದ್ದ ಬಸ್ಸು ಹತ್ತಿಬಿಟ್ಟಳು. ತಿರುಗಿಯೂ ನೋಡಲಿಲ್ಲ. ಇಷ್ಟು ಕೋಪವೇ! ಕಾರು ಸ್ಟಾರ್ಟ್ ಮಾಡಿದೆ. ಬಸ್ಸಿನ ಹಿಂದೆ ಕುಣಿಗಲ್‌ವರೆಗೂ ಧೂಳು ಕುಡಿಯುತ್ತಾ ಬಂದೆ. ಅವಳು ಇಳಿದು ನಡೆದಳು, ನಾನು ನಡಿಗೆಯ ವೇಗದಲ್ಲಿ ಪಕ್ಕದಲ್ಲೇ ಕಾರು ಬಿಟ್ಟೆ.

"ಯಾರ್ರೀ ಅದು, ಆವಾಗ್ಲಿಂದ ಹಿಂದೆ ಹಿಂದೆ ಬರ್ತಾ ಇರೋದು? ಪೊಲೀಸ್‌ಗೆ ಫೋನ್ ಮಾಡ್ತೀನಿ" ಎಂದು ಛತ್ರಿ ಎತ್ತಿದಳು. ಆಮೇಲೆ ಒಳಗೆ ಬಗ್ಗಿ ನೋಡಿದಳು. "ನೀವಾ? ಸೌಂಡೇ ಇಲ್ವಲ್ಲ, ಯಾರೋ ಅಂದ್ಕೊಂಡೆ."

"ಸ್ಕೂಲ್ ಗೇಟಲ್ಲೂ ಇದ್ದೆ."

"ಕುಂಯ್ಯ್ ಅನ್ನದೆ ಇದ್ರೆ ನೀವು ಬಂದಿದೀರ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

ಮನೆಗೆ ಹೋಗೋಣ ಬಾ ಎಂದೆ. ಕಾಫಿ ಕುಡಿದು ಮಾತಾಡೋಣ, ಮೇಲೆ ಬನ್ನಿ ಎಂದಳು. ನಾನು ಬೀದಿಯಲ್ಲೇ ಕಾರು ನಿಲ್ಲಿಸಿ ಹದಿನಾಲ್ಕು ಮೆಟ್ಟಿಲು ಹತ್ತಿದೆ. ಹೇಳಲು ನಾಚಿಕೆಯಾಗುತ್ತದೆ, ಎರಡು ವರ್ಷದಲ್ಲಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸಾಮಾನು ಕೊಡಲು ಬಂದಾಗಲೆಲ್ಲ, ಎಂಜಿನ್ ಆಫ್ ಮಾಡಿದರೆ ಮತ್ತೆ ಹತ್ತುವುದಿಲ್ಲವೆಂದು ಕೆಳಗಿಂದಲೇ ಹಾರ್ನ್ ಹೊಡೆದು ಹೋಗುತ್ತಿದ್ದೆ.

ಒಂದು ರೂಮು, ಒಂದು ಅಡಿಗೆ ಮೂಲೆ. ಕಿಟಕಿಯಲ್ಲಿ ಕೆಳಗಿನ ಬೀದಿ. ಗೋಡೆ ಗೂಡಿನಲ್ಲಿ ಎರಡು ತಟ್ಟೆ, ಎರಡು ಲೋಟ. ಒಂದು ತಟ್ಟೆ ಬಳಸಿ ಬಳಸಿ ಮಾಸಿತ್ತು. ಇನ್ನೊಂದರ ಮೇಲೆ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು.

"ಇದ್ಯಾರಿಗೆ ತಂದಿದ್ದು?" ಎಂದೆ.

ಮಾಲಿನಿ ಹಾಲು ಕಾಯಲಿಟ್ಟು ತಟ್ಟೆಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದಳು. ನನಗೆ ಉತ್ತರ ಗೊತ್ತಾಗಿ ಮುಖ ಎಲ್ಲಿಡುವುದೆಂದು ತಿಳಿಯದೆ ಕಿಟಕಿಯ ಹತ್ತಿರ ಹೋದೆ.

"ನೀನಿಲ್ದೆ ಆ ಮನೇಲಿ ನಂಗೆ ಆಗ್ತಾ ಇಲ್ಲ ಕಣೇ" ಎಂದುಬಿಟ್ಟೆ. "ರೂಮ್ ಬಿಟ್ಟು ಬಂದ್‌ಬಿಡು. ಕಾರು ಈಗ ಎಲ್ಲೂ ನಿಲ್ಲಲ್ಲ."

"ತುಮಕೂರಿಂದ ಕುಣಿಗಲ್ ಎಷ್ಟ್ ದೂರ?"

"ಮೂವತ್ತೈದು, ಮೂವತ್ತಾರು."

"ಕುಣಿಗಲ್‌ನಿಂದ ತುಮಕೂರು?"

"ಅಷ್ಟೇ" ಎನ್ನುವಷ್ಟರಲ್ಲಿ ಲೆಕ್ಕ ಹೊಳೆಯಿತು. ನನ್ನ ವಾಷರುಗಳು ನಾನಿಲ್ಲದೆಯೂ ಗುಂಡಗೆ ಬರುತ್ತವೆ. ಅವಳ ಮಕ್ಕಳಿಗೆ ಅವಳಿಲ್ಲದೆ ಲೆಕ್ಕ ಬರುವುದಿಲ್ಲ. ಎರಡು ವರ್ಷ ಅವಳನ್ನು ಕರೆತರುವ ಯಂತ್ರ ರಿಪೇರಿ ಮಾಡಿದೆನೇ ಹೊರತು, ನಾನೇ ಬಂದು ಇಲ್ಲಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಆಗಲೇ, "ಯಾರ್ದ್ರೀ ಕೆಂಪ್ ಕಾರು, ತೆಗೀರಿ" ಎಂದು ಕೂಗುತ್ತಿದ್ದರು.

ಮಾಲಿನಿ ಹೊಸ ತಟ್ಟೆಯ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸುತ್ತಾ ಹೇಳಿದಳು: "ನೋಡಿ, ಇಲ್ಲಿ ಕಾರಿಗೆ ಜಾಗ ಇಲ್ಲ. ನಿಮಗೆ ಇದೆ."

ನಾನು "ಆಯ್ತು" ಎಂದೆ. ಆದರೆ ಹೇಳುವುದಕ್ಕೆ ಮುಂಚೆ ಸ್ವಲ್ಪ ಯೋಚನೆ ಮಾಡಿದೆ, ಹೆಚ್ಚೆಂದರೆ ಎರಡು ನಿಮಿಷ. ಈಗ ದಿನಾ ಬೆಳಗ್ಗೆ ನಾನೇ ಬಸ್ಸು ಹತ್ತಿ ಸತ್ಯಮಂಗಲಕ್ಕೆ ಹೋಗುತ್ತೇನೆ, ದಿನಾ ರಾತ್ರಿ ಆ ತಟ್ಟೆಯಲ್ಲಿ ಉಣ್ಣುತ್ತೇನೆ, ಮತ್ತು ದಿನಾ ಬಡಿಸುವಾಗ ಮಾಲಿನಿ ಆ ಎರಡು ನಿಮಿಷದ ಲೆಕ್ಕ ಕೇಳುತ್ತಾಳೆ.